ಅತ್ತಿವೇರಿಯ ಹಕ್ಕಿಗಳು ಸತ್ತಿರಲಿಲ್ಲ

ಹಕ್ಕಿಗಳು ಬದುಕಿದ್ದವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವನ್ನು ಕೈಯಾರೆ ಕೊಂದೆನೆಂದು ಕೊರಗುತ್ತಿದ್ದ ಶೈಲಕ್ಕನಿಗೆ ನಾನು ಹೇಳಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ — ವರ್ಷಗಟ್ಟಲೆ. ಈಗ ಹೇಳುತ್ತಿದ್ದೇನೆಂದರೆ ದೊಡ್ಡ ಮನುಷ್ಯನಾಗಿಬಿಟ್ಟೆ ಅಂತಲ್ಲ. ಇನ್ನು ಮುಚ್ಚಿಡಲು ಆಗುತ್ತಿಲ್ಲ, ಅಷ್ಟೇ.

ಶೈಲಕ್ಕ ಮುಂಡಗೋಡದ ಬಟ್ಟೆ ವ್ಯಾಪಾರಿಗಳ ಮನೆಯವಳು. ನಾನು ದಾಂಡೇಲಿಯವನು; ಅಪ್ಪ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಅತ್ತಿವೇರಿ ಜಲಾಶಯದ ಹಕ್ಕಿಗಳನ್ನು ಅಭ್ಯಾಸ ಮಾಡುವ ಒಂದು ಯೋಜನೆಯಲ್ಲಿ ಇಬ್ಬರೂ ಜೊತೆಗೆ ಕೆಲಸಕ್ಕಿದ್ದೆವು. ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳನ್ನು ಹಿಡಿದು, ಬೆನ್ನಿಗೆ ಪಟ್ಟಿಯಿಂದ ಚಿಕ್ಕದೊಂದು ಟ್ಯಾಗು ಕಟ್ಟಿ ಬಿಡುವುದು ಅವಳ ಕೆಲಸ. ಟ್ಯಾಗು ಆಗಾಗ ‘ಟಿಕ್’ ಎಂದು ರೇಡಿಯೊ ಸಂಕೇತ ಕಳಿಸುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಗುರುತು. ಅದನ್ನು ಕೇಳಿಸಿಕೊಳ್ಳುವ ಪೆಟ್ಟಿಗೆ ನನ್ನದು.

ಅದು ತಿರುಪು ತಿರುಗಿಸುವ ರೇಡಿಯೊ ಅಲ್ಲ, ಸಾಫ್ಟ್‌ವೇರ್ ರೇಡಿಯೊ. ಯಾವ ತರಂಗ ಕೇಳಬೇಕು, ಎಷ್ಟು ಜೋರಾಗಿ ಕೇಳಬೇಕು, ಯಾವ ಸಾಕೆಟ್ಟಿನಿಂದ ಕೇಳಬೇಕು — ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಬರೆದುಕೊಡಬೇಕು. ಅದು ಕೇಳಿದ್ದನ್ನು ಅಂಕಿಗಳ ಹೊಳೆಯಾಗಿ ಹರಿಸುತ್ತದೆ. ಆ ಅಂಕಿಗಳಲ್ಲಿ ಟಿಕ್ ಹುಡುಕಬೇಕು. ನನಗೆ ಆ ವಿದ್ಯೆ ಬರುತ್ತದೆಂದು ಎಂಥ ಜಂಬ! ಕೈಯಲ್ಲಿ ಹಿಡಿದು ಓಡಾಡುವ ರಿಸೀವರ್ ಒಂದನ್ನೂ ತರಿಸೋಣ ಎಂದು ಶೈಲಕ್ಕ ಅಂದಾಗ, “ನನ್ನ ಪೆಟ್ಟಿಗಿ ಇರಬೇಕಾದ್ರ ಅದ್ಯಾಕ ಬೇಕಕ್ಕ?” ಎಂದು ನಕ್ಕವನು ನಾನೇ.

ಪೆಟ್ಟಿಗೆಯಲ್ಲಿ ಆಂಟೆನಾಕ್ಕೆ ಎರಡು ಸಾಕೆಟ್ಟುಗಳಿದ್ದವು. ಮನೆಯಲ್ಲಿ ಪರೀಕ್ಷೆ ಮಾಡುವಾಗ ಕೇಬಲ್ಲು ಮೊದಲನೆಯದರಲ್ಲಿತ್ತು, ಬರೆದ ಸಾಲೂ ಅದಕ್ಕೆ ಸರಿಯಾಗಿಯೇ ಇತ್ತು. ಜಲಾಶಯದ ಒಡ್ಡಿನ ಮೇಲೆ ಕೂಡಿಸುವಾಗ ನೋಡಿದರೆ ಕೇಬಲ್ಲು ಮಣಿಯದೆ ಮುಚ್ಚಳ ಮುಚ್ಚುತ್ತಿರಲಿಲ್ಲ. ಎರಡನೆಯದಕ್ಕೆ ಹಾಕಿದೆ, ಮುಚ್ಚಿತು. ಇನ್ನು ಆ ಸಾಲನ್ನೂ ಬದಲಿಸಬೇಕು ಅನ್ನುವಷ್ಟರಲ್ಲಿ ಶೈಲಕ್ಕ ಬುತ್ತಿ ಬಿಚ್ಚಿ ಕೂಗಿದಳು — “ಏ ಮಾಂತೇಶ, ಮೊದ್ಲ ಉಣ್ಣು ಬಾರೋ. ಪೆಟ್ಟಿಗಿ ಎಲ್ಲೂ ಓಡಿ ಹೋಗಂಗಿಲ್ಲ.” ರೊಟ್ಟಿ, ಎಣ್ಣೆಗಾಯಿ ಪಲ್ಯ, ಕೆಂಪು ಚಟ್ನಿ. ಉಂಡೆ. ಮರೆತೆ.

ಊಟವಾದ ಮೇಲೆ ಪರೀಕ್ಷೆಯನ್ನೇನೋ ಮಾಡಿದೆವು. ಅವಳು ಟ್ಯಾಗನ್ನು ಪೆಟ್ಟಿಗೆಯ ಪಕ್ಕದಲ್ಲೇ ಹಿಡಿದಳು. ಪರದೆಯ ಮೇಲೆ ಟಿಕ್ ಮೂಡಿತು. ಇಬ್ಬರೂ ಚಪ್ಪಾಳೆ ಹೊಡೆದೆವು. ಮೊಳ ದೂರದಿಂದ ಕೂಗಿದರೆ ಖಾಲಿ ಸಾಕೆಟ್ಟಿಗೂ ಕೇಳಿಸುತ್ತದೆ. ಇದು ಈ ವಿದ್ಯೆಯ ಮೊದಲ ಪಾಠ. ನನಗೆ ಹೊಳೆಯಲೇ ಇಲ್ಲ.

ಐದು ಹಕ್ಕಿಗಳಿಗೆ ಟ್ಯಾಗು ಕಟ್ಟಿ ಬಿಟ್ಟಳು. ಒಂದರದೂ ಸದ್ದಿಲ್ಲ. ನಾನು ವಾರಕ್ಕೊಮ್ಮೆ ಪೆಟ್ಟಿಗೆಯ ಹೊರಬದಿಯಿಂದ ಮೆಮೊರಿ ಕಾರ್ಡು ತೆಗೆದು ನೋಡುತ್ತಿದ್ದೆ. ಫೈಲುಗಳು ತುಂಬಿ ತುಳುಕುತ್ತಿದ್ದವು, ಅಂದಮೇಲೆ ಪೆಟ್ಟಿಗೆ ಕೇಳುತ್ತಿದೆ ಎಂದೇ ನನ್ನ ಲೆಕ್ಕ. ತುಂಬಿದ್ದು ಬರೀ ಗುಜುಗುಜು. ಅಷ್ಟರಲ್ಲಿ ಒಂದು ದಿನ ನಾಯಿಯೊಂದು ಸತ್ತ ಹಕ್ಕಿಯನ್ನು ದಂಡೆಗೆ ಎಳೆದು ತಂದಿತು. ಅದರ ಬೆನ್ನ ಮೇಲೆ ಶೈಲಕ್ಕ ಕಟ್ಟಿದ್ದ ಪಟ್ಟಿ ಇತ್ತು.

ಒಂದು ಸತ್ತಿದೆ, ಉಳಿದವುಗಳ ಸುಳಿವಿಲ್ಲ — ಇನ್ನೇನು ಬೇಕು? ಯೋಜನೆಯ ಮುಖ್ಯಸ್ಥರಾಗಿದ್ದ ಸರ್ ಎಲ್ಲರೆದುರಿಗೆ ಅಂದರು, “ಕಟ್ಟೂ ಮುಂದ ಕೈ ಬಿಗಿ ಆಗೈತಿ ನೋಡವಾ. ರೆಕ್ಕಿ ಬಿಚ್ಚಾಕ ಆಗಿಲ್ಲ ಅವಕ್ಕ.” ಹೊರಗೆ ಬಂದಮೇಲೆ ಶೈಲಕ್ಕ ನನ್ನನ್ನು ಕೇಳಿದಳು, “ಮಾಂತೇಶ, ನಿನ್ನ ಪೆಟ್ಟಿಗಿ ಖರೇನ ಕೇಳಾಕತ್ತೈತೇನೋ?”

ಕೇಳಿದ್ದು ಅಷ್ಟೇ. ಒಮ್ಮೆ ಮುಚ್ಚಳ ತೆಗೆದು ನೋಡಿದ್ದರೆ... ಆದರೆ ನನಗೆ ಸಿಟ್ಟು ಬಂತು. ನನ್ನ ವಿದ್ಯೆಯ ಮೇಲೇ ಅನುಮಾನವೇ!

“ನನ್ನ ಪೆಟ್ಟಿಗಿ ಸುಳ್ಳು ಹೇಳಂಗಿಲ್ಲಕ್ಕ,” ಅಂದೆ.

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಆ ತಿಂಗಳೇ ಕೆಲಸ ಬಿಟ್ಟು ಹೋದಳು.

ಇಲ್ಲಿಯವರೆಗಿನದು ತಪ್ಪು. ಮರೆವು, ಜಂಬ, ಏನಾದರೂ ಕರೆಯಿರಿ. ಮುಂದಿನದಕ್ಕೆ ಬೇರೆ ಹೆಸರಿದೆ.

ಯೋಜನೆ ಮುಗಿದು ಪೆಟ್ಟಿಗೆ ಬಿಚ್ಚಿ ತರಲು ನಾನೊಬ್ಬನೇ ಅತ್ತಿವೇರಿಗೆ ಹೋದೆ. ಮುಚ್ಚಳ ತೆಗೆದೆ. ಕೇಬಲ್ಲು ಎರಡನೆಯದರಲ್ಲಿದೆ... ಲ್ಯಾಪ್‌ಟಾಪಿನಲ್ಲಿ ಆ ಸಾಲು ಓದಿದೆ, ಇನ್ನೊಮ್ಮೆ ಓದಿದೆ. ಅದು ಇನ್ನೂ ಮೊದಲನೆಯ ಸಾಕೆಟ್ಟನ್ನೇ ಹೇಳುತ್ತಿತ್ತು. ಸಾಲು ಬದಲಿಸಿ ಇಯರ್‌ಫೋನು ಹಾಕಿಕೊಂಡೆ. ಟಿಕ್. ಟಿಕ್. ನಡುಗಡ್ಡೆಯ ಮರಗಳ ಕಡೆಯಿಂದ ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಮೂರನೆಯದು — ಜೋರಾಗುತ್ತ, ಸಣ್ಣಗಾಗುತ್ತ, ಮತ್ತೆ ಜೋರಾಗುತ್ತ. ಕಳಚಿ ಬಿದ್ದ ಟ್ಯಾಗಿನ ಸದ್ದು ಹಾಗೆ ಏರಿಳಿಯುವುದಿಲ್ಲ. ಉಳಿದ ಇನ್ನೊಂದು ಕೇಳಿಸಲಿಲ್ಲ, ಆದರೆ ಈ ಮೂರು ಹಾರುತ್ತಿದ್ದವು.

ಫೋನು ತೆಗೆದೆ. ಶೈಲಕ್ಕನ ನಂಬರಿನ ಮೇಲೆ ಬೆರಳಿಟ್ಟೆ. ಇಟ್ಟು... ಸರ್ ವರದಿಯಲ್ಲಿ ಅವಳ ಪಟ್ಟಿಯನ್ನು ತೆಗಳಿದ ಪುಟದಲ್ಲೇ ನನ್ನ ಪೆಟ್ಟಿಗೆಯನ್ನು ಹೊಗಳಿದ್ದರು. ಆ ಹೊಗಳಿಕೆಯ ಮೇಲೆ ನನಗೆ ಹಳಿಯಾಳದ ಕಾಲೇಜೊಂದರಲ್ಲಿ ಕೆಲಸ ಸಿಗುವುದಿತ್ತು. ಫೋನನ್ನು ಕಿಸೆಗೆ ಹಾಕಿಕೊಂಡೆ. ಬದಲಿಸಿದ ಸಾಲು ಮೊದಲಿನಿಂದಲೂ ಸರಿಯಿತ್ತೆಂಬಂತೆ ಹಾಗೇ ಉಳಿಸಿ, ಪೆಟ್ಟಿಗೆಯನ್ನು ಸರ್ ಕೈಗೆ ಒಪ್ಪಿಸಿದೆ.

ಆಮೇಲೆ ಅವಳು ಅಣ್ಣನ ಅಂಗಡಿಯಲ್ಲಿ ಕೂಡುತ್ತಾಳೆಂದು ಕೇಳಿದೆ. ಹಕ್ಕಿಯ ಮಾತೆತ್ತಿದರೆ ಎದ್ದು ಹೋಗುತ್ತಾಳಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಮುಂಡಗೋಡದ ಬಸ್ಸು ಕಂಡರೂ ನಾನು ಮುಖ ತಿರುಗಿಸುತ್ತಿದ್ದೆ.

ಅಷ್ಟಾದರೂ ನನ್ನ ನಾಲಗೆಯ ನಾಚಿಕೆಗೇಡಿತನ ನೋಡಿ. ತರಗತಿಯಲ್ಲಿ ಇದನ್ನೇ, ಟ್ಯಾಗು ಕಟ್ಟಿದ ಅಕ್ಕನ ಸಮೇತ, ಹೆಸರು ಹೇಳದೆ ನಗೆಹನಿ ಮಾಡಿ ಹೇಳುತ್ತಿದ್ದೆ — “ಒಬ್ಬ ಶಾಣ್ಯಾ ಇದ್ದ, ಇಡೀ ಸೀಸನ್ ಖಾಲಿ ಸಾಕೆಟ್ಟಿಗೆ ಕಿವಿ ಕೊಟ್ಟು ಕೂತಿದ್ದ!” ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಈ ವರ್ಷ ಜೋಯಿಡಾ ಕಡೆಯ ಒಬ್ಬ ಹುಡುಗಿ ನಗಲಿಲ್ಲ. “ಸರ್, ಹಕ್ಕಿಗೆ ಟ್ಯಾಗು ಕಟ್ಟಿದ್ದ ಆ ಅಕ್ಕಾರಿಗೆ ಆ ಶಾಣ್ಯಾ ಆಮ್ಯಾಲ ಹೋಗಿ ಹೇಳಿದ್ನೇನ್ರಿ?” ಎಂದು ಕೇಳಿದಳು. ಪಾಠ ಅಲ್ಲಿಗೇ ನಿಂತಿತು.

ಹೋದ ರವಿವಾರ ಮುಂಡಗೋಡಕ್ಕೆ ಹೋದೆ. ಶೈಲಕ್ಕ ಕುಪ್ಪಸದ ಬಟ್ಟೆ ಮಡಚುತ್ತಿದ್ದಳು. “ಬಾರೋ ಮಾಂತೇಶ, ಎಷ್ಟು ವರ್ಷಾತು! ಚಾ ಹೇಳ್ಲೇನು?” ಬೇಡವೆಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ.

“ಸರ್‌ಗೆ ಅವತ್ತ ಹೇಳೂದು ಬ್ಯಾಡಾಗಿತ್ತೋ,” ಅಂದಳು. “ನಿನ್ನ ನೌಕರಿ ನಿನಗಿರ್ತಿತ್ತು. ನನಗೊಬ್ಬಾಕಿಗಷ್ಟ ಹೇಳಿದ್ರ ಸಾಕಿತ್ತಲ್ಲೋ.”

ಅವಳು ಕಣ್ಣೊರೆಸಿಕೊಂಡು, ಸಣ್ಣ ಹುಡುಗಿಯ ಹಾಗೆ ಆಸೆಯಿಂದ ನನ್ನ ಮುಖ ನೋಡಿದಳು.

“ಯಾವ್ಯಾವು ಕೇಳಿಸಿದ್ವು? ಮೂರೂ ಯಾವ್ಯಾವು, ಹೇಳು. ಒಂದರ ಕಾಲಿಗೆ ಮೊದ್ಲ ಗಾಯ ಇತ್ತು, ನಾನ ಔಷಧ ಹಚ್ಚಿ ಬಿಟ್ಟಿದ್ದೆ. ಅದು ಇತ್ತೇನು?”

ಸರ್‌ಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಕಾಲೇಜಿಗೂ ತಿಳಿಸಿದ್ದೇನೆ, ಆಗುವುದು ಆಗಲಿ. ಆದರೆ ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಯಾವ ಟ್ಯಾಗಿನ ಗುರುತು ಯಾವುದೆಂದು ಅವತ್ತು ನಾನು ನೋಡಲೇ ಇಲ್ಲ. ಆ ಮೂರು ಹಕ್ಕಿಗಳ ಸದ್ದು ದಾಖಲಾಗಿದ್ದ ಫೈಲನ್ನು ಒಡ್ಡಿನ ಮೇಲೆ ಕೂತೇ ಅಳಿಸಿಹಾಕಿದ್ದೆ.