ಒಂದೇ ಮನೆಗೆ ಮೂರು ಸೋಫಾ

ಸುಳ್ಳು ಅಂತೀಯಾ? ಹಾಗೆ ಹುಬ್ಬೇರಿಸಬೇಡ ಕಣಯ್ಯಾ. ಸುಳ್ಳೇ ಹೇಳೋದಾಗಿದ್ದರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ. ಸೋಫಾಗಳು ಆ ಟೈಲರ್ ಮನೆಗೆ ತಾವಾಗೇ ನಡ್ಕೊಂಡು ಬಂದವು ಅಂದೆನಾ? ಲಾರೀಲಿ ಬಂದವು ಅಂದೆ.

ಸರಿ, ಮೊದಲಿಂದ ಕೇಳು. ನಮ್ಮ ಹಿರಿ ಸೊಸೆ ಸೋಫಾ, ಮಂಚ, ಮೇಜು ಮಾರೋ ದೊಡ್ಡ ಕಂಪನೀಲಿ ಕಂಪ್ಯೂಟರ್ ಕೆಲಸ ಮಾಡ್ತಾಳೆ. ಅವರ ಗೋಡೌನ್ ಎಷ್ಟು ದೊಡ್ಡದು ಅಂದರೆ, ಆ ತುದೀಲಿ ಸೀನಿದ್ದು ಈ ತುದೀಲಿ ಇರೋರಿಗೆ ಊಟ ಮುಗಿಸಿ ಕೈ ತೊಳೆಯೋ ಹೊತ್ತಿಗೆ ಕೇಳಿಸುತ್ತೆ. ಆಫೀಸಲ್ಲಿ ಅವಳನ್ನ ಎಲ್ಲರೂ 'ಡಂಗುರ' ಅಂತಲೇ ಕರೆಯೋದು.

ಯಾಕೆ ಗೊತ್ತಾ? ಅಲ್ಲಿ ಆರ್ಡರ್ ತಗೊಳ್ಳೋ ಪ್ರೋಗ್ರಾಂ ಗೋಡೌನ್ ಪ್ರೋಗ್ರಾಮನ್ನ "ಮಾಲಿದೆಯಾ?" ಅಂತ ಕೇಳಬೇಕಿತ್ತು. ಅದು ಲಾರಿ ಪ್ರೋಗ್ರಾಮನ್ನ "ಗಾಡಿ ಇದೆಯಾ?" ಅನ್ನಬೇಕಿತ್ತು. ಅಲ್ಲಿಂದ ಉತ್ತರ ಬರೋವರೆಗೂ ಎಲ್ಲಾ ಬಾಯಿ ಬಿಟ್ಕೊಂಡು ನಿಂತಿರಬೇಕು. ಲಾರೀದು ಕೆಟ್ಟರೆ ಅಂಗಡಿಗಳೆಲ್ಲಾ ಬಂದ್. ಅದೂ ಸರಿಯಾಗಿ ರಿಯಾಯಿತಿ ಮಾರಾಟದ ದಿನಾನೇ ಕೆಡೋದು!

ಸೊಸೆ ಹೇಳಿದಳು: "ಸಾರ್, ಯಾರೂ ಯಾರನ್ನೂ ಕೇಳ್ತಾ ನಿಲ್ಲೋದು ಬೇಡ. 'ಆರ್ಡರ್ ಬಂತು' ಅಂತ ಡಂಗುರ ಹೊಡೆದುಬಿಡೋಣ. ಬೇಕಾದವರು ಕೇಳಿಸ್ಕೊಂಡು ತಮ್ಮ ಕೆಲಸ ಮಾಡ್ಲಿ. ಮಲಗಿದ್ದವರಿಗೆ ಎದ್ದ ಮೇಲೆ ತಪ್ಪಿಹೋಗಿದ್ದೆಲ್ಲಾ ಕೇಳಿಸೋ ಹಾಗೆ ಇಟ್ಟಿರೋಣ."

ದೊಡ್ಡ ಸಾಹೇಬರು ಮೂಗು ಮುರಿದರು. ಕೊನೆಗೆ, "ಸೋಫಾಗೆ ಮಾತ್ರ ಮಾಡಿ ನೋಡಮ್ಮ. ಎಡವಟ್ಟಾದರೆ ಹಳೇದೇ ಗತಿ, ನಿನ್ನ ತಂಡಾನೂ ಇರಲ್ಲ" ಅಂದರು.

ಎಡವಟ್ಟಾಯ್ತು! ಡಂಗುರ ಹೊಡೆದ ಮೇಲೆ "ಕೇಳಿಸ್ತು" ಅನ್ನೋ ಉತ್ತರ ತಡವಾದರೆ, ಆರ್ಡರ್ ಪ್ರೋಗ್ರಾಂ ಅದನ್ನೇ ಮತ್ತೆ ಹೊಡೆಯುತ್ತೆ. ಲಾರಿ ಪ್ರೋಗ್ರಾಮೋ ಮಹಾ ವಿಧೇಯ. ಕೇಳಿಸಿದಷ್ಟು ಸಲಾನೂ ಸೋಫಾ ಕಳಿಸ್ತು. ಒಂದು ಸೋಫಾ ಕೇಳಿದ್ದ ಟೈಲರ್ ಮನೇಲಿ ಮೂರು ಬಂದು ಕೂತು, ನೆಲಾನೇ ಕಾಣ್ತಿರಲಿಲ್ಲ. ಅವರ ಬೆಕ್ಕು ನೆಲದ ಮೇಲೆ ನಡೆಯೋದನ್ನೇ ಮರೆತುಬಿಟ್ಟಿತ್ತು, ಕಣ್ಣಾರೆ ನೋಡಿದೀನಿ.

ಬೇರೆ ಯಾರಾದರೂ ಆಗಿದ್ದರೆ ಲಾರಿ ಡ್ರೈವರ್ ತಲೆಗೆ ಕಟ್ಟಿ ಕೈ ತೊಳ್ಕೋತಿದ್ದರು. ಇವಳು ಡ್ರೈವರ್ ಪಕ್ಕ ಕೂತು, ಕ್ಷಮೆ ಕೇಳೋಕೆ ತಾನೇ ಹೋದಳು. ನಾನೂ ಹಿಂದೆ ಹತ್ತಿದ್ದೆ.

ಟೈಲರ್ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಏನಮ್ಮಾ ಇದು? ಇರೋದು ನಾವಿಬ್ಬರೇ. ಜಗಳ ಆಡಿ ಒಬ್ಬೊಬ್ಬರು ಒಂದೊಂದರ ಮೇಲೆ ಕೂತರೂ ಒಂದು ಉಳಿಯುತ್ತೆ!"

"ತಪ್ಪು ನಂದೇ, ಆಂಟಿ," ಅಂದಳು ಸೊಸೆ.

ವಾಪಸ್ ಬರುವಾಗ ಅವಳಿಗೆ ಪಾಪ, ತಂಡದವರ ಕೆಲಸದ್ದೇ ಯೋಚನೆ. ಆಫೀಸಿಗೆ ಹೋದವಳೇ ಸಾಹೇಬರ ಮುಂದೆ ನಿಂತು, "ಒಂದು ವಾರ ಕೊಡಿ ಸಾರ್, ನಿಮ್ಮೆದುರಿಗೇ ತೋರಿಸ್ತೀನಿ" ಅಂದಳು. ಕೂಗಾಡಲಿಲ್ಲ, ಅಳಲಿಲ್ಲ. ನಾನಾಗಿದ್ದರೆ ಎರಡನ್ನೂ ಒಟ್ಟಿಗೇ ಮಾಡ್ತಿದ್ದೆ.

ಪ್ರತಿ ಆರ್ಡರಿನ ಡಂಗುರಕ್ಕೂ ಒಂದೊಂದು ಗುರುತು ಕೊಟ್ಟಳು. ಕೇಳಿದ ಗುರುತೇ ಮತ್ತೆ ಬಂದರೆ "ಆಗಲೇ ಕೇಳಿದೀನಿ, ಸುಮ್ನಿರಪ್ಪಾ" ಅನ್ನೋದನ್ನ ಲಾರಿ ಪ್ರೋಗ್ರಾಮಿಗೆ ಕಲಿಸಿದಳು. ವಾರ ಕಳೆದು, ಮಾರಾಟ ಭರ್ಜರಿ ನಡೀತಿದ್ದಾಗ ಸಾಹೇಬರನ್ನ ಕರೆದು, ಅವರ ಕಣ್ಣೆದುರೇ ಲಾರಿ ಪ್ರೋಗ್ರಾಮನ್ನ ನಿಲ್ಲಿಸಿಬಿಟ್ಟಳು!

"ಏಯ್, ಏನಮ್ಮಾ ಮಾಡ್ತಿದೀಯಾ!" ಸಾಹೇಬರು ಕುರ್ಚಿಯಿಂದ ಎದ್ದ ರಭಸಕ್ಕೆ ಫ್ಯಾನೇ ತಿರುಗಿತಂತೆ.

"ನೋಡ್ತಿರಿ ಸಾರ್." ಆರ್ಡರ್‌ಗಳು ಬರ್ತಾನೇ ಇದ್ದವು, ಯಾವ ಅಂಗಡೀನೂ ನಿಲ್ಲಲಿಲ್ಲ. ಆಮೇಲೆ ಲಾರೀದನ್ನ ಎಬ್ಬಿಸಿದಳು. ಅದು ಬಿಟ್ಟುಹೋಗಿದ್ದನ್ನೆಲ್ಲಾ ಸಾಲಾಗಿ ಕೇಳಿಸ್ಕೊಂಡು ಕೆಲಸಕ್ಕಿಳೀತು. ಒಂದೇ ಆರ್ಡರನ್ನ ಬೇಕಂತಲೇ ಮತ್ತೆ ಮತ್ತೆ ಕೂಗಿಸಿದಳು. ಹೊರಟಿದ್ದು ಒಂದೇ ಸೋಫಾ.

ಸಾಹೇಬರು ಬೆವರು ಒರೆಸ್ಕೊಂಡು ಕೂತರು. "ಮಂಚಕ್ಕೂ ಇದನ್ನೇ ಹಾಕಮ್ಮ. ಮೇಜಿಗೂ. ನಿನ್ನ ತಂಡ ಎಲ್ಲಿಗೂ ಹೋಗಲ್ಲ. ಆದರೆ ಇನ್ನೊಂದು ಸಲ ನನ್ನೆದುರಿಗೆ ಹೀಗೆ ನಿಲ್ಲಿಸಬೇಡ, ನನ್ನ ಎದೆ ತಡೆಯಲ್ಲ."

ಈಗ ಇಡೀ ಕಂಪನಿ ಅವಳ ಡಂಗುರದ ಮೇಲೇ ನಡೀತಿದೆ. ಬೇರೆ ದೇಶದ ರಾಜನೊಬ್ಬ ಬಂದು ಕಲಿತುಕೊಂಡು...

"ರೀ! ರಾಜನ್ನ ಆಮೇಲೆ ಕರೆಸಿ. ಸೊಸೆ ಬಡಿಸಿಟ್ಟು ಕಾಯ್ತಿದಾಳೆ, ಬನ್ನಿ ಊಟಕ್ಕೆ!"

ಬಂದೆ ಕಣೇ.