ಆದ್ರಪ್ಪನ ಮನೆ ಮಾರಾಟ

ನಮ್ಮ ಮಹಡಿಯಲ್ಲಿ ಎರಡೇ ಬಾಗಿಲು. ಒಂದು ನನ್ನದು, ಎದುರಿನದು ಸೈಕಲ್ ರಿಪೇರಿಯ ಭಾವನದು. ಸ್ವಂತ ಭಾವನಲ್ಲ, ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ, ಹಾಗಾಗಿ ಅವರು ಭಾವ. ಬೀದಿಯವರು ಮಾತ್ರ ಅವರನ್ನು ಆದ್ರಪ್ಪ ಎನ್ನುತ್ತಿದ್ದರು.

“ಬ್ರೇಕ್ ಸರಿ ಮಾಡಿದೀನಿ. ಆದ್ರೆ ಚೈನು ಬಹಳ ದಿನ ಬರಲ್ಲ” ಎಂದು ಹೇಳಿಯೇ ಅವರು ಸೈಕಲ್ ಕೊಡುತ್ತಿದ್ದದ್ದು. ಮದುವೆಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ “ಒಪ್ಪಿಗೆ, ಆದ್ರೆ…” ಎಂದು ಸುಮ್ಮನಾಗಿದ್ದರಂತೆ. ಆ ಆದ್ರೆಯ ಮುಂದೆ ಏನಿತ್ತು ಎಂದು ಅಕ್ಕ ಇಂದಿಗೂ ಕೇಳುತ್ತಾಳೆ. ಭಾವ ಇಂದಿಗೂ ಎಣ್ಣೆಯ ಡಬ್ಬಿ ಹುಡುಕುತ್ತಾರೆ.

ಅಕ್ಕನ ಮಂಡಿ ಕೈಕೊಟ್ಟ ಮೇಲೆ ನಮ್ಮ ಕಡಿದಾದ ಮೆಟ್ಟಿಲು ಅವಳ ಪಾಲಿಗೆ ಶತ್ರುವಾಯಿತು. ಒಂದೊಂದರ ಮೇಲೂ ಕೂತು ಕೂತು ಇಳಿಯುತ್ತಿದ್ದಳು. ಅವಳ ತಮ್ಮನ ಮನೆಯ ಪಕ್ಕದಲ್ಲಿ ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದು ಖಾಲಿ ಇತ್ತು. ಇದನ್ನು ಮಾರಿದರೆ ಅದು ಸಿಗುತ್ತದೆ. ಅದರ ಒಡತಿ ಕಾಯುತ್ತೇನೆ ಎಂದಿದ್ದಳು, ಅಷ್ಟೊಂದು ಸಮಾಧಾನದ ದನಿಯಲ್ಲೇನೂ ಅಲ್ಲ.

ಆಗ ಮನೆ ಕೊಳ್ಳುವವರೇ ಕಡಿಮೆ. “ಮಾರ್ಕೆಟ್ ಮಲಗಿಬಿಟ್ಟಿದೆಯಮ್ಮಾ” ಎನ್ನುತ್ತಿದ್ದ ಬ್ರೋಕರ್. ಅಪರೂಪಕ್ಕೆ ಯಾರನ್ನಾದರೂ ಹಿಡಿದು ತಂದರೆ ಭಾವ ಶುರುಮಾಡುತ್ತಿದ್ದರು.

“ಗಾಳಿ ಚೆನ್ನಾಗಿ ಬರುತ್ತೆ. ಆದ್ರೆ ಅದರ ಜೊತೆ ಗಿರಣಿ ಧೂಳೂ ಬರುತ್ತೆ.”

ಬಂದವರು ಚಪ್ಪಲಿ ಮೆಟ್ಟುತ್ತಿದ್ದರು.

“ಮಲಗಿರೋ ಮಾರ್ಕೆಟ್‌ಗೆ ನೀವು ಜೋಗುಳ ಬೇರೆ ಹಾಡ್ತಿದೀರಲ್ಲ ಯಜಮಾನ್ರೇ!” ಎಂದು ಬ್ರೋಕರ್ ಗೋಳಾಡುತ್ತಿದ್ದ.

“ಇರೋದು ಹೇಳಿದೆ ಕಣಪ್ಪಾ.”

“ಇರೋದನ್ನೆಲ್ಲ ಹೇಳಿ ಅಂತ ಯಾರು ಕೇಳಿದ್ರು?”

ಒಂದು ಸಂಜೆ ಅಕ್ಕ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ನಾನು ಅಲ್ಲೇ ಬಟಾಣಿ ಸುಲಿಯುತ್ತಿದ್ದೆ.

“ನೋಡ್ರೀ, ಇನ್ನೊಂದ್ಸಲ ‘ಆದ್ರೆ’ ಅಂದ್ರೆ ಆ ಮೆಟ್ಟಿಲ ಮೇಲೇ ಹಾಸಿಗೆ ಹಾಸ್ಕೋತೀನಿ.”

“ಅದಾಗೇ ಬಂದ್ಬಿಡುತ್ತೆ ಕಣೇ.”

“ಬಂದ್ರೆ ನುಂಗ್ಕೊಳ್ಳಿ. ಅದರ ಬದ್ಲು ‘ಅಷ್ಟೇ ಅಲ್ಲ’ ಅನ್ನಿ. ಗಾಳಿ ಬರುತ್ತೆ, ಅಷ್ಟೇ ಅಲ್ಲ, ಬೆಳಕೂ ಬರುತ್ತೆ. ಕೇಳೋಕೆ ಎಷ್ಟು ಚೆಂದ!”

ಭಾವ ತಲೆಯಾಡಿಸಿದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ.

ಸ್ವಲ್ಪ ದಿನದಲ್ಲಿ ಬೇಕರಿ ನಡೆಸುವ ಹೆಂಗಸೊಬ್ಬಳು ಮನೆ ನೋಡಲು ಬಂದಳು. ನಾನು ನನ್ನ ಪಾಡಿಗೆ ನನ್ನ ಮನೆಯಲ್ಲಿದ್ದೆ.

“ಅಡುಗೆಮನೆ ದೊಡ್ಡದಮ್ಮಾ,” ಎಂದರು ಭಾವ. ಗುಟುಕ್ಕೆಂದು ಏನನ್ನೋ ನುಂಗಿದ ಸದ್ದು. “ಅಷ್ಟೇ ಅಲ್ಲ, ಸಿಂಕ್ ಕಟ್ಕೊಳ್ಳುತ್ತೆ.”

ಬ್ರೋಕರ್ ಜೋರಾಗಿ ಕೆಮ್ಮಿದ.

“ಕಿಟಕಿ ಗಟ್ಟಿ ಮರದ್ದು. ಅಷ್ಟೇ ಅಲ್ಲ, ತೆಗೆದ್ರೆ ಮುಚ್ಚೋಕಾಗಲ್ಲ.”

ಅಕ್ಕನ ಕೈಯಿಂದ ಲೋಟ ಠಣ್ಣೆಂದು ಬಿತ್ತು.

“ಎದುರು ಮನೆಯವರು ತುಂಬಾ ಒಳ್ಳೇವ್ರು. ಅಷ್ಟೇ ಅಲ್ಲ, ಇಲ್ಲಿ ಆಡಿದ ಮಾತೆಲ್ಲ ಅವರಿಗೆ ಕೇಳ್ಸುತ್ತೆ.”

“ಸುಳ್ಳು!” ಎಂದೆ ನಾನು, ನನ್ನ ಅಡುಗೆಮನೆಯಿಂದಲೇ.

ಆ ಹೆಂಗಸು ನಗಲು ಶುರುಮಾಡಿದಳು. ನಾನು ಹೊಸ್ತಿಲಿಗೆ ಬರುವಷ್ಟರಲ್ಲಿ ಗೋಡೆಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಎಲ್ಲಾ ಕಡೆ ‘ಏನೂ ತೊಂದ್ರೆ ಇಲ್ಲ’ ಅಂತಾರೆ ಅಣ್ಣಾ. ಗೋಡೆ ಮುಟ್ಟಿದ್ರೆ ಕೈಗೆ ನೀರು! ಇಲ್ಲಿ ಎಲ್ಲ ಗೊತ್ತಾಯ್ತಲ್ಲ, ಸಾಕು. ಮನೆ ನಂಗೆ ಹಿಡಿಸ್ತು. ಆದ್ರೆ…”

ಭಾವನ ಮುಖ ನೋಡಬೇಕಿತ್ತು. ಪರದೇಶದಲ್ಲಿ ತಮ್ಮೂರಿನವರು ಸಿಕ್ಕಂತೆ ಅರಳಿತು.

“ಹೇಳಮ್ಮಾ, ಹೇಳು! ಆದ್ರೆ?”

“ಆ ಸಿಂಕ್ ಮಾತ್ರ ನೀವೇ ಸರಿ ಮಾಡ್ಕೊಡ್ಬೇಕು.”

ಅವರು ಆಗಲೇ ಸ್ಪ್ಯಾನರ್ ಹುಡುಕುತ್ತಿದ್ದರು.

ಮೊನ್ನೆ ಅವರ ಹೊಸ ಮನೆಗೆ ಹೋಗಿದ್ದೆ. ಅಕ್ಕ ತಾನೇ ನಡೆದು ಗೇಟಿನವರೆಗೆ ಬಂದಳು.

“ಹೇಗಿದೆಯಕ್ಕಾ ಮನೆ?”

“ಒಂದು ಮೆಟ್ಟಿಲೂ ಇಲ್ಲ ಕಣೇ ತಂಗಿ. ಯಾರ ಕೈಯೂ ಹಿಡೀದೆ ಓಡಾಡ್ತೀನಿ. ಆದ್ರೆ ನೀನು…”

ಥಟ್ಟನೆ ನಾಲಿಗೆ ಕಚ್ಚಿಕೊಂಡಳು. ತಡವಾಗಿತ್ತು.

“‘ಅಷ್ಟೇ ಅಲ್ಲ’ ಅನ್ನೇ!” ಎಂದು ಒಳಗಿನಿಂದ ಭಾವ ಕೂಗಿದರು.