ಮೆಕ್ಕೆಜೋಳದ ರಸ್ತೆಗೆ ಇಳಿದ ವಿಮಾನ

ಮೊನ್ನೆ ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಮಳೆಗೆ ನೆನೆದ ಕಾಳು ಬಿಸಿಲಿಗೆ ಆರುತ್ತಿತ್ತು. ಪೂರ್ತಿ ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕಕ್ಕೆ ನಿಲ್ಲಿಸಿಬಿಟ್ಟೆ. ಆ ವಾಸನೆಗೂ ಜಗಳೂರಿನ ಕಡೆ ನನ್ನ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮನಿಗೂ ನನ್ನ ತಲೆಯಲ್ಲಿ ಎಂದೋ ಗಂಟು ಬಿದ್ದಿದೆ...

ನಾನು ಹೊನ್ನಾಳಿಯವಳು. ಮೊದಲ ಕೆಲಸ ಸಿಕ್ಕಿದ್ದು ಜಗಳೂರಿನ ಆಚೆ, ರಸ್ತೆ ಪಕ್ಕದ ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಗೋಡೆಗೆ ಗೋಡೆ ತಾಗಿದ್ದು ದೊಡ್ಡಮ್ಮನ ಮನೆ. ಮಗ, ಸೊಸೆ, ಅವರು, ಅಷ್ಟೇ ಜನ. ಮೊದಲ ವಾರದಲ್ಲೇ ಅವರ ಸ್ವಭಾವ ಗೊತ್ತಾಯಿತು. "ಅದು ಹೆಂಗೆ?" ಎಂದು ಕೇಳದೆ ಅವರಿಗೆ ಯಾವುದೂ ಮುಗಿಯುತ್ತಿರಲಿಲ್ಲ. ಮೊಬೈಲಿನ ಒಳಗೆ ಹಾಡು ಎಲ್ಲಿರುತ್ತದೆ, ಫ್ರಿಜ್ಜಿನ ಹಿಂಭಾಗ ಯಾಕೆ ಬಿಸಿ, ಎಲ್ಲವೂ ಬೇಕು. ನನಗೆ ಗೊತ್ತಿಲ್ಲ ಎಂದರೆ ಬೇಸರವಿಲ್ಲ. "ಹಂಗಾದ್ರೆ ಗೊತ್ತಿದ್ದೋರನ್ನ ಕೇಳಿ ಬಂದು ಹೇಳು" ಎಂದು ಕೆಲಸ ಹಚ್ಚುತ್ತಿದ್ದರು.

ಆ ವರ್ಷ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಹಿಡಿಯಿತು. ಹಳ್ಳಿಯವರೆಲ್ಲ ಕಾಳು ಒಣಗಿಸಲು ಹೊಸ ಟಾರು ರಸ್ತೆಗೆ ಬಂದರು. ಬಾಣದಂತೆ ನೆಟ್ಟಗೆ ಹೋಗುವ ರಸ್ತೆ ಅದು. ವಾಹನಗಳು ಕಾಳಿನ ಮೇಲೆ ಹತ್ತದಿರಲೆಂದು ಎಲ್ಲರೂ ಅದರ ಅಂಚಿಗೆ, ನಡುರಸ್ತೆಯಲ್ಲಿ, ಕಲ್ಲಿಟ್ಟರೆ, ದೊಡ್ಡಮ್ಮ ಗೊಬ್ಬರದ ಬಿಳಿ ಚೀಲಗಳನ್ನು ಉದ್ದಕ್ಕೆ ಮಡಚಿ, ಒಂದೊಂದರ ನಡುವೆ ಅಷ್ಟಷ್ಟು ಜಾಗ ಬಿಟ್ಟು ಸಾಲಾಗಿ ಹಾಸಿ, ಮೇಲೆ ಕಲ್ಲು ಹೇರಿದ್ದರು. ಕಲ್ಲು ಕಾಣದೆ ಬೈಕಿನವರು ಬೀಳುತ್ತಾರೆ, ಬಿಳಿ ಚೀಲವಾದರೆ ದೂರದಿಂದಲೇ ಕಾಣುತ್ತದೆ ಎಂಬುದು ಅವರ ಲೆಕ್ಕಾಚಾರ.

ಒಂದು ಬೆಳಿಗ್ಗೆ ನಮ್ಮ ಕಡೆ ಅಪರೂಪವೆನ್ನುವಷ್ಟು ಮಂಜು ಕವಿದಿತ್ತು. ಜಗಳೂರಿಗೆ ಹೋಗಲು ನಾನು ಬಸ್ಸಿಗೆ ಕಾಯುತ್ತ ನಿಂತಿದ್ದೆ. ದೊಡ್ಡಮ್ಮ ರಾತ್ರಿ ಹೊದಿಸಿದ್ದ ತಾಡಪಾಲು ಮಡಚುತ್ತಿದ್ದರು. ಸೊಸೆ ಸ್ವಲ್ಪ ದೂರದಲ್ಲಿ, ನಮಗೆ ಬೆನ್ನು ಹಾಕಿ, ಕಾಳು ಹರವುತ್ತಿದ್ದಳು. ಮೇಲೆಲ್ಲೋ ಗುಂಯ್ ಎನ್ನುವ ಸದ್ದು. ಒಮ್ಮೆ ದೂರ ಹೋಯಿತು. ಮತ್ತೆ ಬಂತು. ಆಮೇಲೆ ಮಂಜನ್ನು ಹರಿದುಕೊಂಡು, ಹುಣಸೆಮರದ ಎತ್ತರಕ್ಕೆ, ಬಿಳಿಯದೊಂದು ರೆಕ್ಕೆ ಕಾಣಿಸಿತು.

ದೊಡ್ಡಮ್ಮ ತಾಡಪಾಲು ಎಸೆದು ಸೊಸೆಯ ಹೆಸರು ಹಿಡಿದು ಕಿರುಚಿದರು. ಅವಳು ತಿರುಗಿ ನೋಡಿದಳೇ ಹೊರತು ಕಾಲು ಕೀಳಲಿಲ್ಲ. ವಿಮಾನದ ಗಾಲಿ ರಸ್ತೆಗೆ ತಾಗಿ ಕಾಳು ಎರಡೂ ಕಡೆಗೆ ಸಿಡಿಯಿತು. ಇನ್ನೇನು ಅವಳನ್ನು ಹೊಡೆದೇಬಿಟ್ಟಿತು ಎನ್ನುವಾಗ ಅದು ಪಕ್ಕಕ್ಕೆ ಹೊರಳಿ, ರಸ್ತೆ ಇಳಿದು, ಕೊಯ್ದ ಹೊಲದ ಬದುವಿಗೆ ಗುದ್ದಿ, ಮೂಗು ಮಣ್ಣಿಗೆ ಹೂತು ನಿಂತಿತು.

ಇಬ್ಬರು ಕೂರುವಷ್ಟು ಪುಟ್ಟ ವಿಮಾನ. ಒಳಗಿದ್ದವನು ಒಬ್ಬನೇ, ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ ತರುಣ, ಮೈಸೂರಿನ ಕಡೆಯವನು. ಕಾಲಿಗೆ ಪೆಟ್ಟಾಗಿತ್ತು. ನಾವು ಹೊರಗೆಳೆಯುವಷ್ಟರಲ್ಲಿ ಊರೇ ಬಂದಿತ್ತು. ದೊಡ್ಡಮ್ಮನ ಮಗ ಹೆಂಡತಿಯ ಮುಖ ನೋಡಿದವನೇ ಆ ಹುಡುಗನ ಕುತ್ತಿಗೆಪಟ್ಟಿ ಹಿಡಿದ. "ಕಣ್ಣು ಎಲ್ಲಿಟ್ಟಿದ್ಯೋ? ರಸ್ತೆ ಕಾಣಲ್ವೇನೋ ನಿಂಗೆ?"

"ಕೈ ಬಿಡೋ. ಮೊದ್ಲು ಕುಂದ್ರಿಸು ಅವನ್ನ" ಎಂದರು ದೊಡ್ಡಮ್ಮ. ಹುಡುಗನನ್ನು ತಾಡಪಾಲಿನ ಮೇಲೆ ಕೂರಿಸಿ, ನೀರು ಕುಡಿಸಿ, ಅವನ ಎದುರೇ ಕೂತರು. ಎಲ್ಲರೂ ಬೈಯುತ್ತಿದ್ದಾಗ ಅವರೊಬ್ಬರೇ ಕೇಳಿದರು, "ಅಲ್ಲಪ್ಪಾ, ನಿಂಗೆ ಮ್ಯಾಲಿಂದ ಏನು ಕಾಣ್ತು?"

ಹುಡುಗ ಅಳು ನುಂಗಿಕೊಂಡ. "ದಾರಿ ತಪ್ಪಿದ್ದೆ ಅಮ್ಮ. ಇಂಧನ ಮುಗೀತಾ ಬಂದಿತ್ತು. ರನ್‌ವೇ ಹುಡುಕ್ತಾ ಇದ್ದೆ. ಮಂಜಿನ ಸಂದೀಲಿ ಕಪ್ಪಗೆ, ನೆಟ್ಟಗೆ ಒಂದು ಕಾಣಿಸ್ತು, ಅದರ ಮೇಲೆ ಬಿಳೀ ಗೆರೆ ಬೇರೆ. ಸಿಕ್ಕೇ ಬಿಡ್ತು ಅಂದ್ಕೊಂಡೆ."

ದೊಡ್ಡಮ್ಮ ಮೆಲ್ಲನೆ ತಿರುಗಿ ತಮ್ಮ ಚೀಲಗಳ ಸಾಲನ್ನು ನೋಡಿದರು.

ಆ್ಯಂಬುಲೆನ್ಸ್ ಬಂತು, ಹುಡುಗ ಹೋದ. ಎರಡು ದಿನ ಬಿಟ್ಟು ಅಧಿಕಾರಿಗಳು ಬಂದು ನೋಡಿ, ವಿಮಾನವನ್ನೂ ಲಾರಿಯ ಮೇಲೆ ಸಾಗಿಸಿದರು. ದೊಡ್ಡಮ್ಮನ ತಲೆಯಿಂದ ಮಾತ್ರ ಅದು ಹೋಗಲಿಲ್ಲ. ಒಂದು ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಕೂತು, "ಟೀಚರಮ್ಮ, ನನ್ನ ಚೀಲ ನೋಡಿ ಇಳಿದ್ನೇನು ಆ ಹುಡುಗ? ರಸ್ತೆ ಮ್ಯಾಲಿಂದ ಬ್ಯಾರೆ ಏನೋ ಆಗಿ ಕಾಣಾಕೆ ಆಗ್ತೈತಾ?" ಎಂದರು. ಮೇಲಿಂದ ನೋಡದೆ ಹೇಗೆ ಗೊತ್ತಾಗಬೇಕು ಎಂದೆ. ಸುಮ್ಮನೆ ಆಡಿದ ಮಾತು ಅದು. ಅವರು ಹಿಡಿದುಕೊಂಡುಬಿಟ್ಟರು.

ನನ್ನ ತಂಗಿಯನ್ನು ಚನ್ನಗಿರಿಗೆ ಕೊಟ್ಟಿತ್ತು. ಅಲ್ಲಿ ಬೆಟ್ಟದ ಮೇಲೆ ಕೋಟೆ ಇದೆ, ಊರು ಪೂರ್ತಿ ಕೆಳಗೆ ಕಾಣುತ್ತದೆ ಎಂದಿದ್ದೇ ಸಾಕಾಯಿತು. ರಜೆಗೆ ನನ್ನ ಜೊತೆ ಬಸ್ಸು ಹತ್ತಿದರು. ತಂಗಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಎದ್ದರೆ, ಅವರ ಅದೃಷ್ಟವೋ ಏನೋ, ಊರ ತುಂಬ ಮಂಜು. ಮೊಣಕಾಲು ಹಿಡಿದುಕೊಳ್ಳುತ್ತ, ಅಲ್ಲಲ್ಲಿ ಕೂರುತ್ತ ಕೋಟೆ ಹತ್ತಿದರು. ಮೇಲೆ ನಿಂತರೆ ಕೆಳಗೆಲ್ಲ ಹಾಲಿನಂಥ ಬಿಳುಪು. ಒಂದು ಕಡೆ ಅದು ಹರಿದು, ಬೂದುಬಣ್ಣದ ಉದ್ದನೆಯ ಪಟ್ಟಿಯೊಂದು ಕಂಡಿತು.

"ಅಗೋ, ನಾವು ಬಂದ ರಸ್ತೆ! ಬಸ್ಸು ಬರಾಕತ್ತೈತೆ ನೋಡು, ಮಿಂಚ್ತೈತೆ" ಎಂದರು ದೊಡ್ಡಮ್ಮ.

ನನಗೂ ಹಾಗೇ ಕಂಡಿತು. ನಾವಿಬ್ಬರೂ ಆ ಬಸ್ಸು ಹತ್ತಿರ ಬರಲೆಂದು ಕಾದೆವು. ಬರಲಿಲ್ಲ. ಬಿಸಿಲೇರಿ ಮಂಜು ಕರಗಿದಾಗ ನೋಡಿದರೆ ಅದು ಭದ್ರಾ ನಾಲೆ. ಮಿಂಚುತ್ತಿದ್ದದ್ದು ನೀರು. ರಸ್ತೆ ಇದ್ದದ್ದು ಇನ್ನೊಂದೇ ದಿಕ್ಕಿನಲ್ಲಿ.

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಗಂಭೀರವಾಗಿ, "ನಾನು ನಿಂತ ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದೆ ಕಣಮ್ಮ. ಆದ್ರೂ ಇಲ್ಲದ ಬಸ್ಸನ್ನ ಕಂಡೆ. ಅವನು ಬೀಳ್ತಾ ಇದ್ದ, ಪಾಪ..." ಎಂದರು.

ವಿಚಾರಣೆಯ ಅಧಿಕಾರಿಗಳು ಮತ್ತೊಮ್ಮೆ ಬಂದದ್ದು ಅದಾದ ಮೇಲೆ. ಅಷ್ಟರಲ್ಲಿ ಊರವರೆಲ್ಲ ಒಂದು ಮಾತಿಗೆ ಬಂದಿದ್ದರು. ರಸ್ತೆಯಲ್ಲಿ ಕಾಳು ಒಣಗಿಸಿದ್ದೇ ತಪ್ಪು ಎನ್ನುತ್ತಾರೆ, ಚೀಲದ ಸುದ್ದಿ ಎತ್ತುವುದು ಬೇಡ. ಮಗ ತಾಯಿಗೆ ಕೈ ಮುಗಿದು ಹೇಳಿದ. ದೊಡ್ಡಮ್ಮ ಹ್ಞೂಂ ಎಂದರು. ಅಧಿಕಾರಿಯ ಎದುರು ಕೂತಾಗ ಮಾತ್ರ ಎಲ್ಲವನ್ನೂ ಹೇಳಿಬಿಟ್ಟರು.

"ಚೀಲ ಹಾಸಿದ್ದು ನಾನೇ ಸ್ವಾಮಿ. ಬಿಳೀ ಗೆರೆ ಅಂದ್ನಲ್ಲ, ಅದು ಅವೇ. ಇನ್ನೊಂದು ಬರ್ಕಳ್ರಿ. ನನ್ನ ಸೊಸೆ ಕಂಡಿದ್ದೇ ತಡ ಅವನು ಹೊಲಕ್ಕೆ ತಿರುಗಿಸಿದ. ರಸ್ತೆ ಮ್ಯಾಲೇ ಹೋಗಿದ್ರೆ ಅವನಿಗೇನೂ ಆಗ್ತಿರ್ಲಿಲ್ಲ."

ಮಗ ಎದ್ದು ಹೊರಗೆ ಹೋದ. ಅಧಿಕಾರಿ ಇನ್ನು ಮುಂದೆ ರಸ್ತೆಗೆ ಹರವಬೇಡಿ ಎಂದು ಗದರಿಸಿ, ಅಷ್ಟಕ್ಕೇ ಬಿಟ್ಟ. ಹೋಗುವಾಗ ದೊಡ್ಡಮ್ಮ ಬಾಗಿಲವರೆಗೂ ಹಿಂದೆ ಹೋಗಿ, ಮಂಜಿನಲ್ಲಿ ವಿಮಾನ ಇಳಿಸುವುದು ಹೆಂಗೆ, ನಿಜವಾದ ರನ್‌ವೇಗೆ ದೀಪ ಇರುತ್ತಾವಾ ಎಂದು ಅವನನ್ನೇ ಕೇಳಿದರು. ಅವನು ಜೀಪಿನ ಬಾಗಿಲು ತೆರೆದಿಟ್ಟುಕೊಂಡೇ ಬಹಳ ಹೊತ್ತು ವಿವರಿಸಿದ.

ಮುಂದಿನ ಬೇಸಿಗೆಯಲ್ಲಿ ಆ ಹುಡುಗ ಬಂದ. ನಡೆಯುವಾಗ ಸ್ವಲ್ಪ ಕುಂಟುತ್ತಿದ್ದ. ಮತ್ತೆ ಹಾರಲು ಅನುಮತಿ ಸಿಕ್ಕಿತ್ತು. ಸೊಸೆ ರೊಟ್ಟಿ ಬಡಿಸಿದಳು, ಆದರೆ ಅವನ ಮುಖ ನೋಡಲಿಲ್ಲ. ದೊಡ್ಡಮ್ಮನ ಮಗ ಅವತ್ತು ಹೊಲದಿಂದ ಬೇಗ ಬರಲೇ ಇಲ್ಲ. ದೊಡ್ಡಮ್ಮ ಮಾತ್ರ ಹುಡುಗ ಬಸ್ಸು ಹತ್ತುವವರೆಗೂ ಪ್ರಶ್ನೆ ನಿಲ್ಲಿಸಲಿಲ್ಲ.

ನನಗೆ ನ್ಯಾಮತಿಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು, ಆಮೇಲೆ ಅದೂ ತಪ್ಪುತ್ತ ಬಂತು...

ಕಳೆದ ವರ್ಷ ನಾನು ಮೊದಲ ಸಲ ವಿಮಾನ ಹತ್ತಿದೆ, ಶಿವಮೊಗ್ಗದಿಂದ. ಕಿಟಕಿಯ ಪಕ್ಕದ ಸೀಟು. ರಸ್ತೆಗಳು, ಕೆರೆ ಏರಿಗಳು, ನಾಲೆಗಳು ಒಂದನ್ನೊಂದು ಹೋಲುತ್ತ ಸರಿದುಹೋದವು. ಇದು ಯಾವುದು, ಅದು ಯಾವುದು ಎಂದು ಊಹಿಸುತ್ತ, ತಪ್ಪುತ್ತ, ಎಲ್ಲವನ್ನೂ ದೊಡ್ಡಮ್ಮನಿಗೆ ಹೇಳಲೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಊರಿಗೆ ಬಂದವಳೇ ಫೋನು ಮಾಡಿದೆ. ಸೊಸೆ ಎತ್ತಿದಳು.

"ಅತ್ತೆ ಹೋಗಿಬಿಟ್ರಕ್ಕ, ಯುಗಾದಿ ಮುಂಚೇನೇ. ನಿಮ್ಮ ನಂಬರು ಸಿಗ್ಲಿಲ್ಲ" ಎಂದಳು. ಆಮೇಲೆ ಅವಳೇ, "ಏನೋ ಹೇಳಾಕೆ ಮಾಡಿದ್ರಲ್ಲ, ನಂಗೇ ಹೇಳ್ರಿ" ಎಂದಳು.

ಹೇಳಿದೆ. ವಿಮಾನದಿಂದ ಕಂಡದ್ದನ್ನೆಲ್ಲ ಹೇಳಲು ಹೊರಟೆ. ಅವಳು ಹೌದಾ, ಹೌದಾ ಎಂದಳು. ಸ್ವಲ್ಪ ಹೊತ್ತಿಗೆ, "ವಿಮಾನದ ಮಾತು ಅಂದ್ರೆ ನಂಗೆ ಈಗ್ಲೂ ಮೈ ನಡುಗ್ತೈತಕ್ಕ" ಎಂದಳು. ಅವಳು ಹಾಗೆ ಹೇಳಿದ್ದರಲ್ಲಿ ತಪ್ಪೇನಿತ್ತು? ಮಕ್ಕಳ ಓದು, ಮಳೆ, ಬೆಳೆ ಎಂದು ಬೇರೆ ಮಾತಾಡಿ ಫೋನಿಟ್ಟೆವು.

ಮೇಲಿಂದ ಕಂಡದ್ದರಲ್ಲಿ ಇನ್ನೂ ಅರ್ಧ ನನ್ನ ಹತ್ತಿರವೇ ಉಳಿದಿದೆ. ಅದು ಹೆಂಗೆ ಎಂದು ಕೇಳುವವರು ಇಲ್ಲ.